ಮಾಮೂ ಒಂದೇ ಎಕರೆಗೆ ಹೊಸ ಬೀಜ ಹಾಕಿದ್ದು ಯಾಕೆ?

ಬಕ್ರೀದ್ ರಜೆಗೆ ಕಲಬುರಗಿ ಹತ್ತಿರದ ಮಾಮೂ ಊರಿಗೆ ಹೋಗಿದ್ದೆ. ಅದು ಬಿತ್ತನೆಯ ಸಮಯ. ಮಾಮೂಗೆ ಇರುವುದು ನಾಲ್ಕು ಎಕರೆ, ಬೆಳೆಯುವುದು ತೊಗರಿ. ಹಿಂದಿನ ವರ್ಷ ಹೂ ಬಿಡುವ ಹೊತ್ತಿಗೆ ಅರ್ಧ ಹೊಲ ನೆಟೆ ರೋಗದಿಂದ ಒಣಗಿತ್ತು. ಅಡತಿ ಅಂಗಡಿಯ ಸಾಲ ಇನ್ನೂ ತೀರಿಲ್ಲ. ಆದರೂ ರೋಗ ತಡೆಯುವ ಹೊಸ ಬೀಜ ಹಾಕಿದ್ದು ಒಂದೇ ಎಕರೆಗೆ. "ನಾಲ್ಕಕ್ಕೂ ಹಾಕಬಹುದಿತ್ತಲ್ಲ?" ಎಂದು ಕೇಳಿದೆ.

ಮಾಮೂ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಬೇಟಾ, ತೊಗರಿ ವರ್ಷಕ್ಕೆ ಒಂದೇ ಬೆಳೆ. ಜೂನ್‌ನಲ್ಲಿ ಮಾಡಿದ ತಪ್ಪು ಡಿಸೆಂಬರ್‌ನಲ್ಲಿ ಗೊತ್ತಾಗುತ್ತದೆ. ಆಗ ಏನೂ ಮಾಡಲಾಗುವುದಿಲ್ಲ."

ನೆಟೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಒಣಗಲು ಶುರುವಾದ ಮೇಲೆ ಔಷಧಿ ಹೊಡೆದರೂ ಪ್ರಯೋಜನ ಕಡಿಮೆ. ಹಾಗಾಗಿ ರೋಗ ತಡೆಯುವ ತಳಿಯೇ ಬೇಕು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಆಯ್ಕೆ ಮಾಡಿದ ಅಂಥ ಒಂದು ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ನಮ್ಮ ಭಾಗದ ರೈತರು ಅದನ್ನು ಬೇಗ ಒಪ್ಪಿಕೊಂಡರು. ಒಂದು ಹೊಲ ಒಣಗಿ ಪಕ್ಕದ ಹೊಲ ಹಸಿರಾಗಿದ್ದರೆ ಯಾರೂ ಭಾಷಣ ಮಾಡಬೇಕಿಲ್ಲ. ಅದು ಹೈಬ್ರಿಡ್ ಅಲ್ಲದ ಕಾರಣ ಮನೆಯಲ್ಲೇ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಿತ್ತು.

ಆದರೆ ಮಾರುತಿ ಗೊಡ್ಡು ರೋಗವನ್ನು ತಡೆಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ಈ ರೋಗ ಬಂದರೆ ಗಿಡದಲ್ಲಿ ಎಲೆ ಇರುತ್ತದೆ, ಹೂವು ಕಾಯಿ ಇರುವುದಿಲ್ಲ. ಮುಂದೆ ಬಂದ 'ಆಶಾ' ತಳಿ ಎರಡೂ ರೋಗ ತಡೆಯುತ್ತದೆ, ಆದರೆ ಕಟಾವಿಗೆ ಹೆಚ್ಚು ದಿನ ಬೇಕು. ಮಳೆ ಬೇಗ ನಿಂತರೆ ತೆಳು ಮಣ್ಣಿನಲ್ಲಿ ತೇವ ಸಾಲುವುದಿಲ್ಲ. ಅಂದರೆ ಎಲ್ಲ ಹೊಲಕ್ಕೂ ಒಂದೇ ಬೀಜ ಸರಿ ಎನ್ನಲು ಆಗದು.

ಸ್ನೇಹಿತರೇ, ಹೊಸ ತಳಿ ಹಾಕದ ರೈತರಿಗೆ ತಿಳಿವಳಿಕೆ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಬೀಜದ ಚೀಲದ ಬೆಲೆ ಚಿಕ್ಕದು. ಬೀಜ ಕೈಕೊಟ್ಟರೆ ಹೋಗುವುದು ಒಂದು ವರ್ಷದ ಆದಾಯ. ನಾವು ಕ್ಲಾಸಿನಲ್ಲಿ ಓದುವ 'ನಷ್ಟಭಯ' ಎಂದರೆ ಇದೇ. ಒಂದು ಎಕರೆಯಲ್ಲಿ ಮೊದಲು ನೋಡುವುದು ಹೆದರಿಕೆಯಲ್ಲ, ಲೆಕ್ಕಾಚಾರ.

ಹೊರಡುವಾಗ ಮಾಮೂ ಒಂದು ನೋಟ್‌ಬುಕ್ ಕೊಟ್ಟರು. "ಕಾಮರ್ಸ್ ಓದ್ತೀಯಲ್ಲ, ಹೊಸ ಬೀಜದ ಖರ್ಚು ಬೇರೆ, ಹಳೆಯದರ ಖರ್ಚು ಬೇರೆ ಬರಿ" ಎಂದರು. ಈಗ ಪ್ರತಿ ಭಾನುವಾರ ಫೋನ್ ಮಾಡಿ ಕೇಳಿ ಬರೆಯುತ್ತೇನೆ. ಜನವರಿಯಲ್ಲಿ ರಾಶಿ ಆದ ಮೇಲೆ ಎಕರೆಗೆ ಎಷ್ಟು ಉಳಿಯಿತು ಎಂದು ನೋಡಬೇಕು. ಉಳಿದ ಮೂರು ಎಕರೆಯ ತೀರ್ಮಾನ ಆ ಲೆಕ್ಕದ ಮೇಲಿದೆ.