ಕಳ್ಳರ ಕಾದಂಬರಿಗೆ ಮೆಚ್ಚುಗೆಯೂ ಇದೆ, ಮುನಿಸೂ ಇದೆ: ‘ಲಾಕ್ ಲಮೋರಾ’ ಓದುಗರಲ್ಲಿ ಏಕಿಷ್ಟು ಭಿನ್ನಾಭಿಪ್ರಾಯ?

ಕಳ್ಳರು, ವಂಚಕರೇ ನಾಯಕರಾಗಿರುವ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳ ಮಾತು ಬಂದರೆ ‘ದಿ ಲೈಸ್ ಆಫ್ ಲಾಕ್ ಲಮೋರಾ’ ಹೆಸರು ಬಂದೇ ಬರುತ್ತದೆ. ಅಮೆರಿಕದ ಲೇಖಕ ಸ್ಕಾಟ್ ಲಿಂಚ್ ಅವರ ಈ ಚೊಚ್ಚಲ ಕಾದಂಬರಿ 2006ರಲ್ಲಿ ಪ್ರಕಟವಾಯಿತು. ಮರುವರ್ಷ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಸ್ಥಾನ ಪಡೆಯಿತು. ಆದರೆ ಓದಿದವರ ಅಭಿಪ್ರಾಯ ಮಾತ್ರ ಒಂದೇ ಬಗೆಯದ್ದಲ್ಲ. ಕೆಲವರಿಗೆ ಇದು ಮತ್ತೆ ಮತ್ತೆ ಓದುವ ಪುಸ್ತಕ. ಇನ್ನು ಕೆಲವರು ಅರ್ಧಕ್ಕೇ ಕೈಬಿಟ್ಟಿದ್ದಾರೆ. ಇದಕ್ಕೆ ಕಾರಣ ಕಾದಂಬರಿಯ ಒಳಗೇ ಇದೆ.

ಏನಿದು ಕಥೆ?

ಕಥೆ ನಡೆಯುವುದು ಕಮೋರ್ ಎಂಬ ಕಾಲ್ಪನಿಕ ನಗರದಲ್ಲಿ. ವೆನಿಸ್ ನೆನಪಿಸುವ ಕಾಲುವೆಗಳು, ಯಾವ ಕಾಲದಲ್ಲೋ ಕಣ್ಮರೆಯಾದ ಜನಾಂಗ ಬಿಟ್ಟುಹೋದ ಗಾಜಿನ ಗೋಪುರಗಳು ಅಲ್ಲಿವೆ. ನಾಯಕ ಲಾಕ್ ಒಬ್ಬ ಅನಾಥ. ಅವನನ್ನು ಕೊಂಡು ಸಾಕುವ ಫಾದರ್ ಚೈನ್ಸ್, ಊರಿನವರ ಕಣ್ಣಿಗೆ ಕುರುಡು ಅರ್ಚಕ, ಅಸಲಿಗೆ ವಂಚಕರ ಗುರು.

ಊರಿನ ಕಳ್ಳರೆಲ್ಲ ಕಾಪಾ ಬರ್ಸಾವಿ ಎಂಬ ದೊರೆಯ ಹಿಡಿತದಲ್ಲಿದ್ದಾರೆ. ಶ್ರೀಮಂತ ಮನೆತನಗಳ ತಂಟೆಗೆ ಹೋಗದಿದ್ದರೆ ಉಳಿದ ಕಳ್ಳತನವನ್ನು ಆಡಳಿತ ಕಂಡೂ ಕಾಣದಂತಿರುತ್ತದೆ ಎಂಬುದು ಅಲ್ಲಿನ ಗುಟ್ಟಿನ ಒಪ್ಪಂದ. ಲಾಕ್ ಮತ್ತು ಅವನ ಗೆಳೆಯರು ಕದಿಯುವುದು ಆ ಶ್ರೀಮಂತರಿಂದಲೇ. ಸಿಕ್ಕಿದ ಹಣವನ್ನು ಖರ್ಚು ಮಾಡದೆ ನೆಲಮಾಳಿಗೆಯಲ್ಲಿ ರಾಶಿ ಹಾಕುತ್ತಾರೆ. ಅವರಿಗೆ ಹಣಕ್ಕಿಂತ ಆಟವೇ ಮುಖ್ಯ.

ಮೋಸ ನಡೆಯುವುದು ಹೇಗೆ?

ಮೊದಲ ಭಾಗದಲ್ಲಿ ಲಾಕ್ ದೂರದೇಶದ ಮದ್ಯ ವ್ಯಾಪಾರಿಯ ವೇಷದಲ್ಲಿ ಡಾನ್ ಸಲ್ವಾರಾ ಎಂಬ ಶ್ರೀಮಂತನಿಂದ ಬಂಡವಾಳ ಹಾಕಿಸುತ್ತಾನೆ. ಆಮೇಲೆ ಗುಪ್ತ ಪೊಲೀಸನ ವೇಷದಲ್ಲಿ ರಾತ್ರಿ ಅದೇ ಮನೆಗೆ ಹೋಗುತ್ತಾನೆ. ‘ನಿಮ್ಮನ್ನು ಕಳ್ಳ ವಂಚಿಸುತ್ತಿದ್ದಾನೆ, ಅವನನ್ನು ಹಿಡಿಯಬೇಕಾದರೆ ಹಣ ಕೊಡುತ್ತಲೇ ಇರಿ’ ಎಂದು ಅವನಿಗೆ ನಂಬಿಸುತ್ತಾನೆ. ಅಲ್ಲಿಗೆ ಡಾನ್‌ನ ಅನುಮಾನವೂ ವಂಚಕನಿಗೇ ನೆರವಾಗುತ್ತದೆ.

ಪೊಲೀಸ್ ವೇಷದ ‘ಡಿಜಿಟಲ್ ಅರೆಸ್ಟ್’ ವಂಚನೆಗಳ ಸುದ್ದಿ ಓದುವ ಭಾರತದ ಓದುಗರಿಗೆ ಈ ತಂತ್ರ ಹೊಸದೆನಿಸದು. ಅಲ್ಲೂ ಬಳಕೆಯಾಗುವುದು ಅಧಿಕಾರಿಯ ಮಾತಿನ ಮೇಲಿನ ನಂಬಿಕೆಯೇ. ಹಾಗಿದ್ದೂ ಪುಸ್ತಕದಲ್ಲಿ ಇದನ್ನು ಓದುವಾಗ ನಗು ಬರುತ್ತದೆ. ಕಾರಣ, ಓದುಗ ಇಲ್ಲಿ ವಂಚಕನ ಪಕ್ಕ ಕೂತು ನೋಡುತ್ತಾನೆ, ಮೋಸ ಹೋಗುವವನು ಉಳ್ಳವನು. ಕಳ್ಳನ ಜಾಣ್ಮೆಗೆ ತಲೆದೂಗುವುದು ನಮಗೂ ಹೊಸದಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಗೋಡೆಗೆ ಕನ್ನ ಹಾಕುವುದನ್ನೂ ಕಲೆಯೆಂದೇ ಕಾಣುತ್ತಾನೆ.

ಓದುಗರ ತಕರಾರೇನು?

ಮೊದಲ ದೂರು ನಿಧಾನಗತಿಯದು. ಮುಖ್ಯ ಕಥೆಯ ನಡುವೆ ಲಾಕ್‌ನ ಬಾಲ್ಯ ಮತ್ತು ನಗರದ ಇತಿಹಾಸದ ಅಧ್ಯಾಯಗಳು ಬರುತ್ತವೆ. ಕುತೂಹಲ ಕೆರಳಿದ ಹೊತ್ತಿಗೇ ಕಥೆ ಹಿಂದಕ್ಕೆ ಹೋಗುತ್ತದೆ. ಆದರೆ ಆ ಅಧ್ಯಾಯಗಳಲ್ಲೇ ಮುಂದಿನ ತಿರುವುಗಳ ಸುಳಿವು ಇದೆ ಎನ್ನುವುದು ಅಭಿಮಾನಿಗಳ ಉತ್ತರ. ಬೈಗುಳ ತುಂಬಿದ ಸಂಭಾಷಣೆಯೂ ಎಲ್ಲರಿಗೂ ಹಿಡಿಸುವುದಿಲ್ಲ.

ಎರಡನೆಯದು ಕ್ರೌರ್ಯ. ಗ್ರೇ ಕಿಂಗ್ ಎಂಬ ಎದುರಾಳಿ ಬಂದಮೇಲೆ ನಗು ಮಾಯವಾಗುತ್ತದೆ. ಓದುಗರು ಹಚ್ಚಿಕೊಂಡ ಪಾತ್ರಗಳೇ ಸಾಯುತ್ತವೆ. ಇತರರನ್ನು ಏಮಾರಿಸುತ್ತಿದ್ದ ಲಾಕ್ ತಾನೇ ಏಮಾರುತ್ತಾನೆ, ಅವನ ಜೊತೆಗೆ ಓದುಗನೂ. ಹಗುರಾದ ಕಳ್ಳಾಟದ ಕಥೆ ಬಯಸಿದವರು ಮುನಿಸಿಕೊಳ್ಳುವುದು ಇಲ್ಲೇ. ಮೋಸಹೋದವನ ನೋವೇನು ಎಂಬುದು ವಂಚಕನಿಗೂ ಅವನ ಜಾಣ್ಮೆಗೆ ನಕ್ಕ ಓದುಗನಿಗೂ ಗೊತ್ತಾಗುವುದೂ ಇಲ್ಲೇ. ಕಾದಂಬರಿಯ ಬಲ ಇರುವುದು ಈ ತಿರುವಿನಲ್ಲಿ.

ಮೂರನೆಯದು ಸ್ತ್ರೀ ಪಾತ್ರಗಳ ಕುರಿತದ್ದು. ಲಾಕ್‌ನ ಪ್ರೇಯಸಿ ಸಬೆತಾ ಮೊದಲ ಪುಸ್ತಕದಲ್ಲಿ ಬರೀ ಹೆಸರಾಗಿ ಉಳಿಯುತ್ತಾಳೆ. ಮುಖಾಮುಖಿಯಾಗುವುದು ಮೂರನೆಯ ಪುಸ್ತಕದಲ್ಲಿ. ಎರಡನೆಯ ಪುಸ್ತಕದಲ್ಲಿ ಮಕ್ಕಳನ್ನು ಸಾಕುತ್ತಲೇ ಹಡಗು ನಡೆಸುವ ಕಪ್ಪು ವರ್ಣದ ಕಡಲ್ಗಳ್ಳಿ ಜಮೀರಾ ಬಂದಾಗ ಓದುಗರೊಬ್ಬರು ‘ಇದು ನಂಬುವಂತಿಲ್ಲ’ ಎಂದು ಆಕ್ಷೇಪಿಸಿದ್ದರು. ಲಿಂಚ್ ಆ ಪಾತ್ರವನ್ನು ಬಲವಾಗಿ ಸಮರ್ಥಿಸಿಕೊಂಡರು. ಅವರ ಉತ್ತರ ಫ್ಯಾಂಟಸಿ ಓದುಗರ ನಡುವೆ ವ್ಯಾಪಕ ಚರ್ಚೆಗೆ ಕಾರಣವಾಯಿತು.

ಮುಗಿಯದ ಕಾಯುವಿಕೆ

ಸರಣಿಗೆ ಒಟ್ಟು 7 ಪುಸ್ತಕಗಳ ಯೋಜನೆ ಇತ್ತು. ಎರಡನೆಯದು 2007ರಲ್ಲಿ, ಮೂರನೆಯದು 2013ರಲ್ಲಿ ಬಂತು. ‘ದಿ ಥಾರ್ನ್ ಆಫ್ ಎಂಬರ್‌ಲೇನ್’ ಎಂದು ಹೆಸರಿಟ್ಟ ನಾಲ್ಕನೆಯದು ಮುಂದಕ್ಕೆ ಹೋಗುತ್ತಲೇ ಇದೆ. ಖಿನ್ನತೆ ಮತ್ತು ಆತಂಕದ ಸಮಸ್ಯೆಯಿಂದ ಬಳಲಿದ್ದನ್ನು ಲಿಂಚ್ ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

ಇದು ತಿಳಿದ ಮೇಲೆ ಅನೇಕರ ಸಿಟ್ಟು ಇಳಿದಿದೆ. ಹಣ ಕೊಟ್ಟು ಮೂರು ಪುಸ್ತಕ ಕೊಂಡ ಓದುಗ ಮುಂದಿನದನ್ನು ಕೇಳುವುದು ಸಹಜ. ಆದರೆ ಕಾಯಿಲೆಗೆ ಗಡುವು ವಿಧಿಸಲಾಗದು.

ಹೊಸಬರು ಓದಬಹುದೇ?

ಓದಬಹುದು. ಮೊದಲ ಕಾದಂಬರಿಯ ಕಥೆ ಅದರಲ್ಲೇ ಮುಗಿಯುತ್ತದೆ. ಮುಂದಿನ ಪುಸ್ತಕಕ್ಕೆ ಕಾಯಲೇಬೇಕೆಂಬ ಒತ್ತಾಯವಿಲ್ಲ. ಆರಂಭದ ನಿಧಾನಕ್ಕೆ ತುಸು ತಾಳ್ಮೆ ಇರಲಿ. ಲಾಕ್ ಹೇಳುವ ಯಾವ ಮಾತನ್ನೂ ಪೂರ್ತಿ ನಂಬಬೇಡಿ.