ನೆಲದಡಿಯ ನೀರೂ ಲೆಕ್ಕದ ಬಲೆಯೂ

ನವಲಗುಂದದ ಎರೆಭೂಮಿಯಲ್ಲಿ ಬಾವಿಗೆ ನೀರು ಬಂದರಷ್ಟೇ ಸಾಲದು, ಅದು ಸವಳಾಗಿರಬಾರದು. ಸಾಲಮಾಡಿ ಕೊಳವೆಬಾವಿ ತೋಡಿಸುವ ರೈತನಿಗೆ ನೆಲದೊಳಗಿನ ಸ್ಥಿತಿಯನ್ನು ಮೊದಲೇ ತಿಳಿಸಲು ಸಾಧ್ಯವೇ? ವಿದ್ಯುತ್ತಿನಿಂದ ಬಹುಮಟ್ಟಿಗೆ ಸಾಧ್ಯ.

ಒಂದೇ ಸಾಲಿನಲ್ಲಿ ಸಮಾನಾಂತರದಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ಪ್ರವಾಹವನ್ನು ಹಾಯಿಸಿ, ಒಳಗಿನ ಎರಡರ ನಡುವಣ ವಿಭವಾಂತರವನ್ನು ಅಳೆಯುವರು. ಅಮೆರಿಕದ ಫ್ರಾಂಕ್ ವೆನ್ನರ್ 1915ರ ಸುಮಾರಿಗೆ ವಿವರಿಸಿದ ಕ್ರಮವಿದು. ಗೂಟಗಳ ಅಂತರ 10 ಮೀಟರ್, ಪ್ರವಾಹ 100 ಮಿಲಿಆಂಪಿಯರ್, ವಿಭವಾಂತರ 40 ಮಿಲಿವೋಲ್ಟ್ ಇದ್ದರೆ, ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿ, ಅಂತರದಿಂದಲೂ ಪೈಯ ಎರಡರಷ್ಟರಿಂದಲೂ ಗುಣಿಸಬೇಕು. ಬರುವ ಉತ್ತರ ಸುಮಾರು 25 ಓಮ್-ಮೀಟರ್. ಹಲವು ಪದರಗಳ ಪ್ರಭಾವ ಇದರಲ್ಲಿ ಬೆರೆತಿರುವುದರಿಂದ ಇದಕ್ಕೆ ತೋರಿಕೆಯ ರೋಧಶೀಲತೆ ಎಂದು ಹೆಸರು. ಗೂಟಗಳನ್ನು ದೂರ ಸರಿಸಿದಂತೆ ಪ್ರವಾಹ ಹೆಚ್ಚು ಆಳಕ್ಕಿಳಿಯುತ್ತದೆ; ಬೇರೆಬೇರೆ ಅಂತರಗಳ ಅಳತೆಗಳಿಂದ ಒಂದು ವಕ್ರರೇಖೆ ದೊರೆಯುತ್ತದೆ.

ಈ ರೇಖೆಯಿಂದ ಪದರಗಳನ್ನು ಬೇರ್ಪಡಿಸುವುದು ಹೇಗೆ? ಮೊದಲು ಪದರಗಳ ದಪ್ಪವನ್ನೂ ರೋಧಶೀಲತೆಯನ್ನೂ ಊಹಿಸಬೇಕು. ನೆಲದೊಳಗೆ ಒಂದು ಬಲೆ ಹರಡಿದೆಯೆಂದು ಭಾವಿಸೋಣ. ಏಕರೂಪದ ನೆಲದಲ್ಲಿ, ಪ್ರವಾಹದ ಗೂಟಗಳಿರುವ ತಾಣಗಳನ್ನು ಬಿಟ್ಟರೆ, ಬಲೆಯ ಒಳಗಿನ ಪ್ರತಿ ಗಂಟಿನ ವಿಭವವೂ ನೆರೆಯ ಗಂಟುಗಳ ವಿಭವಗಳ ಸರಾಸರಿ. ಪದರಗಳು ಭಿನ್ನವಾದರೆ, ವಿದ್ಯುತ್ತು ಸುಲಭವಾಗಿ ಹರಿಯುವ ಕಡೆಯ ನೆರೆಗೆ ಹೆಚ್ಚು ತೂಕ ಕೊಡಬೇಕು. ಬೆಲೆಗಳು ಸ್ಥಿರವಾಗುವವರೆಗೂ ಗಣಕಯಂತ್ರ ಈ ಸರಾಸರಿಯನ್ನು ಮತ್ತೆಮತ್ತೆ ತೆಗೆಯುತ್ತದೆ. ಲೆಕ್ಕದ ರೇಖೆ ಅಳತೆಯ ರೇಖೆಗೆ ಹೊಂದದಿದ್ದರೆ ಊಹೆಯನ್ನು ತಿದ್ದುವರು. ಪದರಗಳು ಮಟ್ಟಸವಾಗಿದ್ದರೆ ಇನ್ನೂ ಹತ್ತಿರದ ದಾರಿಯುಂಟು. ಅಂಥದೊಂದನ್ನು 1971ರಲ್ಲಿ ಡಿ. ಪಿ. ಘೋಷ್ ತೋರಿಸಿಕೊಟ್ಟರು.

ರೇಖೆಗಳು ಹೊಂದಿದೊಡನೆ ಊಹೆ ನಿಜವಾಯಿತೇ? ಇಲ್ಲ. ಮೇಲೆ ಒಣಗಿದ ಮಸಾರಿ ಮಣ್ಣು, ಕೆಳಗೆ ಗಟ್ಟಿ ಬಂಡೆ, ನಡುವೆ ತೇವವುಳ್ಳ ಶಿಥಿಲ ಶಿಲೆಯ ತೆಳುಪದರ ಇದೆಯೆನ್ನೋಣ. ಈ ಪದರ 2 ಮೀಟರ್ ದಪ್ಪ, 10 ಓಮ್-ಮೀಟರ್ ಇರಬಹುದು. ಇಲ್ಲವೇ 4 ಮೀಟರ್ ದಪ್ಪ, 20 ಓಮ್-ಮೀಟರ್ ಇರಬಹುದು. ದಪ್ಪವನ್ನು ರೋಧಶೀಲತೆಯಿಂದ ಭಾಗಿಸಿದರೆ ಎರಡರಲ್ಲಿಯೂ 0.2. ಪದರದುದ್ದಕ್ಕೂ ಹರಿಯುವ ವಿದ್ಯುತ್ತನ್ನು ನಿರ್ಧರಿಸುವುದು ಈ ಭಾಗಲಬ್ಧವೇ ಆದುದರಿಂದ ಎರಡು ರೇಖೆಗಳೂ ಹೆಚ್ಚುಕಡಿಮೆ ಒಂದೇ ಆಗುವುವು. ಎರೆಭೂಮಿಯಲ್ಲಿ ತೊಡಕು ಇನ್ನೂ ಹೆಚ್ಚು. ಒದ್ದೆ ಜೇಡಿಯೂ ಸವಳು ನೀರೂ ಎರಡೂ ಒಳ್ಳೆಯ ವಾಹಕಗಳು. ರೋಧಶೀಲತೆ ಕಡಿಮೆಯೆಂದ ಮಾತ್ರಕ್ಕೆ ಅಲ್ಲಿ ಸಿಹಿನೀರಿದೆಯೆಂದು ಹೇಳಲಾಗದು.

ಆದುದರಿಂದ ಪಕ್ಕದ ಬಾವಿಯಲ್ಲಿ ಬಂಡೆ ಸಿಕ್ಕ ಆಳ, ಅಲ್ಲಿ ದೊರೆತ ನೀರಿನ ಲವಣಾಂಶ ಇವನ್ನೂ ಲೆಕ್ಕಕ್ಕೆ ಸೇರಿಸಬೇಕು. ಗಣಿತವು ಸಾಧ್ಯವಾದ ಉತ್ತರಗಳನ್ನು ಕೊಡುತ್ತದೆ. ಅವುಗಳಲ್ಲಿ ಸರಿಯಾದುದನ್ನು ಆರಿಸಲು ನೆಲದ ಪರಿಚಯವೇ ಬೇಕು.