ಉರುಸು ಬೇರೆ, ಹಜ್ ಬೇರೆ

ಕೂಕಟ್‌ಪಲ್ಲಿಯ ನಮ್ಮ ವಾಚನಾಲಯಕ್ಕೆ ಪಾಳಿ ಮುಗಿಸಿ ಬರುವ ಮಿತ್ರರಲ್ಲಿ ಹೆಚ್ಚಿನವರು ಬೀದರ, ಕಲಬುರಗಿ, ರಾಯಚೂರು ಕಡೆಯವರು. ಮುಸಲ್ಮಾನರೊಡನೆ ಒಂದೇ ಓಣಿಯಲ್ಲಿ ಬೆಳೆದವರು. ಮೊಹರಮ್ಮಿನಲ್ಲಿ ಅಲಾಯಿ ಕುಣಿದವರು, ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತವರು. ಆದ್ದರಿಂದ ಅವರ ಆಚಾರವೆಲ್ಲ ನಮಗೆ ಗೊತ್ತೆಂಬ ಭಾವನೆ ನಮ್ಮಲ್ಲಿ ಉಂಟು. ನನ್ನಲ್ಲಿಯೂ ಇತ್ತು. ಅದು ಎಷ್ಟು ಪೊಳ್ಳೆಂಬುದು ಒಂದು ರಜೆಯ ಅರ್ಜಿಯಿಂದ ತಿಳಿಯಿತು.

ನಾನು ಮಿಲ್ಲಿನಲ್ಲಿ ಹಾಜರಿ ಮತ್ತು ರಜೆಯ ಪುಸ್ತಕ ಬರೆಯುವ ಗುಮಾಸ್ತ. ಹಿರಿಯ ಫಿಟ್ಟರ್ ಒಬ್ಬರು, ನಾವೆಲ್ಲ ಚಾಚಾ ಎಂದು ಕರೆಯುವವರು, 45 ದಿನಗಳ ರಜೆ ಬೇಡಿ ಅರ್ಜಿ ತಂದರು. ಕಾರಣದ ಜಾಗದಲ್ಲಿ ಹಜ್ ಎಂದಿತ್ತು. “ಚಾಚಾ, ಹೋದ ವರ್ಷ ತಾನೇ ಗುಲ್ಬರ್ಗಾ ಯಾತ್ರೆ ಮಾಡಿ ಬಂದಿರಿ. ಇದನ್ನು ಆಡಿಟ್ ಮುಗಿದ ಮೇಲೆ ಇಟ್ಟುಕೊಳ್ಳಿರಲ್ಲ” ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಅರ್ಜಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ಹನ್ನೊಂದು ವರ್ಷ ಹಣ ಕೂಡಿಹಾಕಿ, ಎರಡು ಸಲ ಚೀಟಿಯಲ್ಲಿ ಹೆಸರು ಬಾರದೆ, ಮೂರನೆಯ ಸಲ ಬಂದಿತ್ತೆಂದು ಆಮೇಲೆ ಅವರ ಜೊತೆಯವರು ಹೇಳಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಅವರ ಬಳಿಗೇ ಹೋಗಿ ಕೇಳಿ ತಿಳಿದದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ನನ್ನ ಮೊದಲ ತಪ್ಪು ಉರುಸನ್ನೂ ಹಜ್ಜನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು. ಉರುಸೆಂದರೆ ಸಂತರ ಪುಣ್ಯತಿಥಿ. ಆ ಮಾತಿಗೆ ಅರಬಿಯಲ್ಲಿ ಮದುವೆ ಎಂದರ್ಥ; ಸಂತನು ಸತ್ತ ದಿನ ದೇವರನ್ನು ಕೂಡಿಕೊಂಡನೆಂಬ ಭಾವ. ಬಂದೇನವಾಜರು 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು. ಅವರ ಉರುಸಿಗೆ ಹಿಂದೂಗಳೂ ಹೋಗುತ್ತಾರೆ, ಗಂಧದ ಮೆರವಣಿಗೆ ನೋಡುತ್ತಾರೆ, ಹೂವು ಚಾದರ ಅರ್ಪಿಸುತ್ತಾರೆ. ಇದು ಭಕ್ತಿಯಿಂದ ಮಾಡುವುದೇ ಹೊರತು ಕಡ್ಡಾಯವಲ್ಲ. ಗೋರಿಯ ಮುಂದೆ ಬೇಡಿಕೊಳ್ಳುವುದು ಸಲ್ಲದೆಂದು ಹೇಳುವ ಮುಸಲ್ಮಾನರೂ ಇದ್ದಾರೆ. ಹಜ್ಜಿನ ವಿಷಯದಲ್ಲಿ ಅಂಥ ಎರಡು ಮಾತಿಲ್ಲ. ಶಕ್ತಿಯಿದ್ದವನು ಜೀವಮಾನದಲ್ಲಿ ಒಮ್ಮೆ ಮಕ್ಕಾಕ್ಕೆ ಹೋಗಿ ಮಾಡಲೇಬೇಕಾದದ್ದು ಅದು.

ಶಕ್ತಿಯೆಂದರೆ ಬರಿಯ ಟಿಕೀಟಿನ ಹಣವಲ್ಲ. ತೀರಿಸುವ ಹೊತ್ತು ಬಂದ ಸಾಲ ತಲೆಯ ಮೇಲಿರಬಾರದು, ತಾನು ಬರುವವರೆಗೆ ಮನೆಯವರ ಊಟ ಬಟ್ಟೆಗೆ ಏರ್ಪಾಡಾಗಿರಬೇಕು, ಮೈಯಲ್ಲಿ ಕಸುವಿರಬೇಕು. ಚಾಚಾ ಹನ್ನೊಂದು ವರ್ಷ ತಡೆದದ್ದು ಇದಕ್ಕೇ. ಮಗಳ ಮದುವೆಯ ಸಾಲ ಮುಗಿಯುವವರೆಗೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಹಜ್ ಕಮಿಟಿಯ ಮೂಲಕ ಹೋಗುವವರ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಅದಕ್ಕೆ ಕುರ್ರಾ ಎಂದು ಹೆಸರು. ಹಿಂದೆ ಮುಂಬಯಿಯಿಂದ ಹಡಗು ಹೋಗುತ್ತಿತ್ತು, 1995ರಲ್ಲಿ ನಿಂತಿತು. ಸರಕಾರ ಪ್ರಯಾಣಕ್ಕೆ ಕೊಡುತ್ತಿದ್ದ ಸಹಾಯಧನವೂ 2018ರಲ್ಲಿ ನಿಂತಿತು. ಇನ್ನೂ “ಸರಕಾರದ ದುಡ್ಡಿನಲ್ಲಿ ಹೋಗುತ್ತಾರೆ” ಎನ್ನುವ ಮಿತ್ರರು ಇದನ್ನು ಗಮನಿಸಬೇಕು.

ಎರಡನೆಯ ತಪ್ಪು, ಆಡಿಟ್ ಆದ ಮೇಲೆ ಹೋಗಿರೆಂದದ್ದು. ಮಕ್ಕಾಕ್ಕೆ ಬೇರೆ ಕಾಲದಲ್ಲಿಯೂ ಹೋಗಬಹುದು, ಅದು ಉಮ್ರಾ. ಹಜ್ ಮಾತ್ರ ಅವರ ಹನ್ನೆರಡನೆಯ ತಿಂಗಳಾದ ಜಿಲ್‌ಹಜ್ಜಿನ 8ರಿಂದ 12 ಅಥವಾ 13ರೊಳಗೆ ಆಗಬೇಕು. ಒಂಬತ್ತರಂದು ಅರಫಾತ್ ಬಯಲಿನಲ್ಲಿ ನಿಂತು ಪ್ರಾರ್ಥಿಸುವುದೇ ಇದರ ಜೀವ; ಅದು ತಪ್ಪಿತೋ ಆ ವರ್ಷದ ಹಜ್ಜೇ ತಪ್ಪಿತು. ಗಂಡಸರು ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳಲ್ಲಿ ಇರತಕ್ಕದ್ದು, ಸಾಹುಕಾರನಿಗೂ ಕೂಲಿಯವನಿಗೂ ಅದೇ. ಕಾಬಾಕ್ಕೆ ಏಳು ಸುತ್ತು, ಸಫಾ ಮರ್ವಾ ಗುಡ್ಡಗಳ ನಡುವೆ ಏಳು ಸಲ ಓಡಾಟ, ಮಿನಾದಲ್ಲಿ ಸೈತಾನನ ಗುರುತಿನ ಗೋಡೆಗಳಿಗೆ ಹರಳೆಸೆಯುವುದು ಇವೆಲ್ಲ ಉಂಟು. ಹತ್ತರಂದು ಅಲ್ಲಿ ಬಲಿ; ಇಲ್ಲಿ ಚಂದ್ರದರ್ಶನವನ್ನು ಬೇರೆಯಾಗಿ ನೋಡುವುದರಿಂದ ನಮಗೆ ಬಕ್ರೀದಿನ ರಜೆ ಸಾಮಾನ್ಯವಾಗಿ ಅಲ್ಲಿಯ ಮರುದಿನ ಬರುತ್ತದೆ.

ಈ ತಿಂಗಳು ಪ್ರತಿ ವರ್ಷ ಹಿಂದೆ ಹಿಂದೆ ಸರಿಯುವುದೇಕೆಂದು ಅನೇಕರು ಕೇಳುತ್ತಾರೆ. ನಮ್ಮ ಪಂಚಾಂಗವೂ ಚಾಂದ್ರಮಾನದ್ದೇ. ಆದರೆ ನಾವು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಯುಗಾದಿಯನ್ನು ವಸಂತದಲ್ಲೇ ಹಿಡಿದಿಟ್ಟುಕೊಳ್ಳುತ್ತೇವೆ. ಅವರಲ್ಲಿ ಅಧಿಕಮಾಸವಿಲ್ಲ. ವರ್ಷಕ್ಕೆ 354 ಅಥವಾ 355 ದಿನ. ಅರಫಾತಿನ ದಿನ 2024ರಲ್ಲಿ ಜೂನ್ 15ಕ್ಕೆ ಬಂದದ್ದು 2025ರಲ್ಲಿ ಜೂನ್ 5ಕ್ಕೇ ಬಂತು. ರಂಜಾನ್ ಒಮ್ಮೆ ಚಳಿಗಾಲದಲ್ಲಿ, ಒಮ್ಮೆ ಸುಡುಬಿಸಿಲಿನಲ್ಲಿ ಬರುವುದೂ ಹೀಗೆಯೇ.

ಕಾಬಾವನ್ನು ಪೂಜಿಸುತ್ತಾರೆಯೇ? ಇಲ್ಲ. ಅದು ನಮಾಜಿಗೆ ಮುಖ ಮಾಡುವ ದಿಕ್ಕು, ನಮ್ಮ ಊರುಗಳಿಂದ ಹೆಚ್ಚುಕಡಿಮೆ ಪಶ್ಚಿಮ. ಮಸೀದಿಯ ಒಳಗೆ ಆ ಗೋಡೆಯಲ್ಲಿ ಒಂದು ಗೂಡಿನಂಥ ಕಮಾನು ಇರುತ್ತದೆ, ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ. ಇಮಾಮನೆಂದರೆ ಮುಂದೆ ನಿಂತು ನಮಾಜು ನಡೆಸುವವನು. ಚಾರ್‌ಮಿನಾರಿನ ಪಕ್ಕದ ಮಕ್ಕಾ ಮಸೀದಿಯನ್ನು ಭಾನುವಾರ ಹೋಗಿ ನೋಡಿ ಬನ್ನಿ. 1617ರ ಸುಮಾರಿಗೆ ಕುತುಬಶಾಹಿ ಅರಸು ತಳಹದಿ ಹಾಕಿಸಿದ್ದನ್ನು 1694ರಲ್ಲಿ ಮುಗಿಸಿದವನು ಔರಂಗಜೇಬ್. ನಮಾಜಿನ ಹೊತ್ತು ಬಿಟ್ಟು, ಬಾಗಿಲಲ್ಲಿ ಕೇಳಿ, ಚಪ್ಪಲಿ ಬಿಟ್ಟು ಅಂಗಳಕ್ಕೆ ಹೋಗಬಹುದು. ಕಲಬುರಗಿ ಕೋಟೆಯ 1367ರ ಮಸೀದಿ ಕಂಡವರಿಗೆ ಅಂಗಳ ಹೊಸದಾಗಿ ಕಂಡೀತು. ಅಲ್ಲಿ ಇಡೀ ಕಟ್ಟಡಕ್ಕೆ ಮಾಡುಂಟು.

ಇನ್ನು ಪಾಳಿಯ ಜಗಳ. ದಿನಕ್ಕೆ ಐದು ನಮಾಜು ನಿಜ, ಆದರೆ ಪ್ರತಿಯೊಂದಕ್ಕೂ ಒಂದು ಅವಧಿಯುಂಟು. ಮಧ್ಯಾಹ್ನದ್ದನ್ನು ಊಟದ ಬಿಡುವಿನಲ್ಲಿ, ಶುಚಿಯಾದ ಮೂಲೆಯಲ್ಲಿ, ಒಬ್ಬನೇ ಮುಗಿಸಿಕೊಳ್ಳಬಹುದು. ಸೂರ್ಯಾಸ್ತದ ನಮಾಜಿಗೆ ಮಾತ್ರ ಅವಧಿ ಚಿಕ್ಕದು. ಶುಕ್ರವಾರ ಮಧ್ಯಾಹ್ನದ ಜುಮಾ ಒಬ್ಬನೇ ಮಾಡುವಂಥದಲ್ಲ. ಜನ ಕೂಡಬೇಕು, ಖುತ್ಬಾ ಕೇಳಬೇಕು. ಇದನ್ನರಿಯದೆ ನಾನು ಎಷ್ಟೋ ಶುಕ್ರವಾರ ಅರ್ಧ ಗಂಟೆ ತಡವಾದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿದ್ದೆ. ಈಗ ನಮ್ಮ ವಿಭಾಗದಲ್ಲಿ ಆ ದಿನ ಊಟದ ಬಿಡುವು ಅದಲುಬದಲಾಗುತ್ತದೆ. ಅವರು ದಸರೆಗೆ ನಮ್ಮ ಯಂತ್ರ ನೋಡಿಕೊಳ್ಳುತ್ತಾರೆ.

ಚಾಚಾರ ಅರ್ಜಿಯನ್ನು ನಾನೇ ಇನ್ನೊಂದು ಹಾಳೆಯಲ್ಲಿ ಬರೆದು, ದಿನಗಳನ್ನು ವಿವರಿಸಿ, ಮ್ಯಾನೇಜರರ ಮುಂದಿಟ್ಟೆ. ಆಡಿಟ್ಟಿನಲ್ಲಿ ಸ್ವಲ್ಪ ಒದ್ದಾಡಿದೆವು. ಅವರು ಹೋಗಿ ಬಂದು ನನಗೆ ಖರ್ಜೂರ, ಜಮ್‌ಜಮ್ ನೀರು ಕೊಟ್ಟರು. ಇನ್ನು ಮೇಲೆ ಹಾಜರಿ ಪುಸ್ತಕದಲ್ಲಿ ಹೆಸರಿನ ಹಿಂದೆ ಹಾಜಿ ಎಂದು ಸೇರಿಸಲೇ ಎಂದು ಕೇಳಿದೆ. “ಬೇಡ ಬಾಬು, ಹೆಸರು ಹೊಂದದೆ ಪಗಾರ ನಿಂತುಹೋದೀತು” ಎಂದರು.